ವೈಫೈ ಹೆಸರು ಮರೆಮಾಡಿದರೆ ಜಾಲ ಸುರಕ್ಷಿತವೇ? ಒಂದು ಸ್ಪಷ್ಟನೆ

ರೌಟರಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಹೆಸರನ್ನು ಮರೆಮಾಡಿದರೆ ಹೊರಗಿನವರು ನಮ್ಮ ಜಾಲವನ್ನು ಪತ್ತೆ ಹಚ್ಚಲಾರರು ಎಂಬ ಸಂದೇಶ ಹರಿದಾಡುತ್ತಿದೆ; ಇದು ಸರಿಯಲ್ಲ. ಸಾಮಾನ್ಯವಾಗಿ ರೌಟರ್ ಸೆಕೆಂಡಿಗೆ ಸುಮಾರು 10 ಬಾರಿ ತನ್ನ ಇರುವಿಕೆಯನ್ನು ಸಾರುವ ಸಂಕೇತವನ್ನು ಕಳಿಸುತ್ತಲೇ ಇರುತ್ತದೆ, ಅದರಲ್ಲಿ ಹೆಸರಿನ ಜಾಗವಷ್ಟೇ ಖಾಲಿ ಇರುತ್ತದೆ. ಮನೆಯ ಒಂದು ಫೋನ್ ಸಂಪರ್ಕ ಪಡೆಯುವ ಕ್ಷಣದಲ್ಲಿ ಆ ಹೆಸರು ಯಾವ ಗೂಢಲಿಪಿಯೂ ಇಲ್ಲದೆ ಗಾಳಿಯಲ್ಲಿ ಹಾದುಹೋಗುವುದರಿಂದ, ಸಮೀಪದಲ್ಲಿರುವವರು ಉಚಿತ ತಂತ್ರಾಂಶದಿಂದಲೇ ಅದನ್ನು ಓದಬಹುದು. ಇನ್ನೂ ಕಳವಳದ ಸಂಗತಿಯೆಂದರೆ, ಅಂಥ ಜಾಲವನ್ನು ನೆನಪಿಟ್ಟುಕೊಂಡ ಫೋನ್, ನೀವು ಎಲ್ಲೇ ಹೋದರೂ ಅದನ್ನು ಹೆಸರು ಹಿಡಿದು ಹುಡುಕುವ, ಹಾಗೆ ಆ ಹೆಸರನ್ನು ಸುತ್ತಲಿನವರಿಗೂ ತಿಳಿಸಿಬಿಡುವ ಸಾಧ್ಯತೆಯಿದೆ. ನಿಜವಾದ ರಕ್ಷಣೆ ಸಿಗುವುದು ವೈಫೈ ಭದ್ರತಾ ವಿಧಾನವಾದ ಡಬ್ಲ್ಯೂಪಿಎ3 (ಹಳೆಯ ರೌಟರಿನಲ್ಲಿ ಡಬ್ಲ್ಯೂಪಿಎ2-ಎಇಎಸ್) ಆಯ್ಕೆಯಿಂದ ಮತ್ತು ಊಹಿಸಲಾಗದ ಉದ್ದನೆಯ ಪಾಸ್‌ವರ್ಡ್‌ನಿಂದ. ರೌಟರಿನ ಸೆಟ್ಟಿಂಗ್ಸ್ ತೆರೆಯಲು ಬಳಸುವ ಅಡ್ಮಿನ್ ಪಾಸ್‌ವರ್ಡನ್ನೂ ದಯವಿಟ್ಟು ಬದಲಿಸಿ.