ಚೀಲ ಹಿಡಿದು ನದಿಗಿಳಿದರೆ ನದಿಗೇನು ಲಾಭ?

ಸ್ವಯಂಸೇವಕರು ನದಿದಡದ ಕಸ ಹೆಕ್ಕುವ ಸ್ವಚ್ಛತಾ ಅಭಿಯಾನಗಳ ಬಗ್ಗೆ ಎರಡು ವಾದಗಳು.

ಪರ: ಚೂರಾಗುವ ಮೊದಲೇ ಎತ್ತಬೇಕು

ದಡದ ಪೊದೆಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವನ್ನು ಇವತ್ತು ಯಾರು ಬೇಕಾದರೂ ಒಂದೇ ಕೈಯಲ್ಲಿ ಬಿಡಿಸಿ ತೆಗೆಯಬಹುದು. ತಿಂಗಳುಗಟ್ಟಲೆ ಬಿಸಿಲು ತಿಂದ ಮೇಲೆ ಅದೇ ಚೀಲ ಒಣಗಿದ ಎಲೆಯಂತೆ ಮುಟ್ಟಿದಲ್ಲೇ ಪುಡಿಯಾಗುತ್ತದೆ. ಮುಂದಿನ ನೆರೆ ಆ ಪುಡಿಯನ್ನು ಹೊತ್ತೊಯ್ಯುತ್ತದೆ. 5 ಮಿ.ಮೀ.ಗಿಂತ ಸಣ್ಣದಾದ ಪ್ಲಾಸ್ಟಿಕ್ಕನ್ನು ಹರಿಯುವ ನದಿಯಿಂದ ಸೋಸಿ ತೆಗೆಯುವುದು ಆಗದ ಮಾತು. ಹಾಗಾಗಿ ನೆರೆ ಇಳಿದ ಮೇಲೆ, ದಡದ ಹುಲ್ಲು ಎದೆಯುದ್ದ ಬೆಳೆಯುವ ಮೊದಲು ಸಿಗುವ ಕೆಲವು ವಾರಗಳೇ ಈ ಕೆಲಸದ ಹಂಗಾಮು. ನೀರು ಎಲ್ಲಿಯವರೆಗೆ ಏರಿತ್ತೋ ಆ ಮಟ್ಟದುದ್ದಕ್ಕೂ ಕಸ ಗೆರೆ ಎಳೆದಂತೆ ಉಳಿದಿರುತ್ತದೆ. ಪೊದೆಯ ಕೊಂಬೆ, ಬೇರಿನ ಸಂದು, ತಿರುವಿನ ಒಳಬದಿಯ ಮರಳು ಹೀಗೆ ಎಲ್ಲೆಂದರಲ್ಲಿ. ಅಲ್ಲಿಗೆ ಯಂತ್ರ ನುಗ್ಗಿಸಿದರೆ ಕಸದ ಜೊತೆ ದಡವೂ ಹೋಗುತ್ತದೆ. ಜನರ ಕೈಯೇ ಆಗಬೇಕು.

ಅಭಿಯಾನಗಳು ಕೆಡುವುದು ಹೆಚ್ಚಾಗಿ ಅಳತೆ ತಪ್ಪುವುದರಿಂದ. 25 ಜನಕ್ಕೆ 300 ಮೀಟರ್ ದಡ, ಎರಡು ಗಂಟೆಯ ಕೆಲಸ, ಅಷ್ಟೇ ಸಾಕು. ಐದೈದು ಜನರ ತಂಡ ಮಾಡಿ, ಇಬ್ಬರು ಹೆಕ್ಕಲಿ, ಒಬ್ಬರು ಚೀಲ ಹಿಡಿಯಲಿ, ಒಬ್ಬರು ಲೆಕ್ಕ ಬರೆಯಲಿ, ಇನ್ನೊಬ್ಬರು ಬರೀ ನೀರು ನೋಡುತ್ತಿರಲಿ. ನೀರು ನೋಡುವವರು ಕಸಕ್ಕೆ ಕೈ ಹಾಕಲೇಬಾರದು. ಮೇಲೆಲ್ಲೋ ಮಳೆಯಾಗಿರಬಹುದು, ಅಣೆಕಟ್ಟೆಯ ಗೇಟು ತೆರೆದಿರಬಹುದು. ತಿಳಿಯಾಗಿದ್ದ ನೀರು ಕದಡಿ ಎಲೆಕಡ್ಡಿ ತೇಲಿ ಬರತೊಡಗಿದರೆ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ದಡ ಹತ್ತಬೇಕು. ರಭಸವಾಗಿ ಹರಿಯುವ ನೀರು 15 ಸೆಂ.ಮೀ. ಇದ್ದರೂ ದೊಡ್ಡವರ ಕಾಲನ್ನೇ ಕೀಳಬಲ್ಲದು.

ಕೈಗವಸು ನೈಟ್ರೈಲ್ ಎಂಬ ಕೃತಕ ರಬ್ಬರಿನ ಲೇಪನದ್ದಾಗಿರಲಿ. ಚರ್ಮದ್ದು ಕೊಳಚೆ ನೀರು ಹೀರಿ ಇಡೀ ದಿನ ಕೈಯನ್ನು ಅದರಲ್ಲೇ ನೆನೆಸಿಡುತ್ತದೆ. ಗಂಬೂಟು ದಡಕ್ಕೆ ಸರಿ. ಆದರೆ ಅದರ ಅಂಚು ದಾಟುವಷ್ಟು ನೀರಿಗಿಳಿದರೆ ಒಳಗೆ ನೀರು ತುಂಬಿ ಕಾಲು ಎತ್ತಲಾಗುವುದಿಲ್ಲ. ನೀರಿಗಿಳಿಯಲೇಬೇಕಾದವರಿಗೆ ಬಿಗಿಯಾಗಿ ಲೇಸು ಕಟ್ಟಿದ, ಗಟ್ಟಿ ಅಡಿಯ ಮುಚ್ಚಿದ ಶೂ ವಾಸಿ. ಚೀಲವನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಒಂದು ಲೀಟರ್ ನೀರೇ ಒಂದು ಕಿಲೋ ತೂಗುತ್ತದೆ, ಹೂಳು ಅದಕ್ಕಿಂತ ಭಾರ. ತುಂಬಿದ 50 ಲೀಟರಿನ ಚೀಲವನ್ನು ಇಳಿಜಾರಿನಲ್ಲಿ ಎತ್ತಲು ಹೋದವರ ಸೊಂಟ ಹಿಡಿಯುತ್ತದೆ, ಇಲ್ಲವೇ ಚೀಲದ ತಳ ಕಿತ್ತು ಹೆಕ್ಕಿದ್ದೆಲ್ಲ ಮತ್ತೆ ನೀರಿಗೆ. ತಳಕ್ಕೆ ತೂತು ಕೊರೆದ ಬಕೆಟ್ಟಿನಲ್ಲಿ ಮೊದಲು ನೀರು ಬಸಿದು ಆಮೇಲೆ ಚೀಲಕ್ಕೆ ಹಾಕುವುದು ಒಳ್ಳೆಯ ರೂಢಿ.

ಅರ್ಧ ಹೂತ ಬಟ್ಟೆ, ಹಗ್ಗಗಳನ್ನು ಎಳೆಯಬಾರದು. ಅವು ಮಣ್ಣನ್ನು ಹಿಡಿದುಕೊಂಡಿರುತ್ತವೆ. ಎಳೆದರೆ ದಡ ಕುಸಿಯುತ್ತದೆ, ಎಳೆದವರು ಹಿಮ್ಮುಖವಾಗಿ ಬೀಳುತ್ತಾರೆ. ಹೊರಗೆ ಕಾಣುವಷ್ಟನ್ನು ಕತ್ತರಿಸಿ ತೆಗೆದರೆ ಮುಗಿಯಿತು. ಸಿರಿಂಜು ಕಂಡರೆ ಉದ್ದನೆಯ ಇಕ್ಕುಳದಿಂದ ಎತ್ತಿ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಸೂಜಿಗೆ ಮುಚ್ಚಳ ಹಾಕುವ ಸಾಹಸ ಯಾರೂ ಮಾಡಬೇಡಿ, ಚುಚ್ಚಿಕೊಳ್ಳುವುದು ಆಗಲೇ. ಬಾಯಿ ಮುಚ್ಚಿದ ಡ್ರಮ್ಮು, ರಾಸಾಯನಿಕದ ಕ್ಯಾನು ಕಂಡರೆ ಗುರುತು ಮಾಡಿ ಅಧಿಕಾರಿಗಳಿಗೆ ತಿಳಿಸಿ, ತಂಡವನ್ನು ಅಲ್ಲಿಂದ ದೂರ ಕರೆದೊಯ್ಯಿರಿ.

ನನ್ನ ಮಟ್ಟಿಗೆ ಚೀಲಕ್ಕಿಂತ ದೊಡ್ಡ ಫಸಲು ಲೆಕ್ಕದ ಹಾಳೆ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕರಾವಳಿಯಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓಹಾರ ಆರಂಭಿಸಿದ ಕಡಲತೀರ ಸ್ವಚ್ಛತೆ ಹತ್ತರಲ್ಲಿ ಹನ್ನೊಂದಾಗದೆ ಉಳಿದದ್ದು ಅದರಿಂದಲೇ. ಸಿಕ್ಕಿದ ಪ್ರತಿಯೊಂದನ್ನೂ ವಸ್ತುವಾರು ಬರೆದಿಡಲು ಅಲ್ಲಿ ಹಾಳೆ ಕೊಟ್ಟಿದ್ದರು. ಆ ಪದ್ಧತಿಯೇ ಮುಂದೆ ಅಂತರರಾಷ್ಟ್ರೀಯ ಅಭಿಯಾನವಾಗಿ ಬೆಳೆಯಿತು. ‘ಕಸ ಜಾಸ್ತಿ ಇತ್ತು’ ಎಂದರೆ ಯಾರೂ ಕಿವಿಗೊಡುವುದಿಲ್ಲ. ‘ಈ ಮೋರಿಯ ಬಾಯಿಂದ 50 ಮೀಟರ್ ಒಳಗೆ ಒಂದೇ ಬಗೆಯ ಇಷ್ಟು ಪೊಟ್ಟಣಗಳು’ ಎಂದು ಬರೆದು ಕೊಟ್ಟರೆ ಮೋರಿ ಯಾರದ್ದು, ಪೊಟ್ಟಣ ಎಲ್ಲಿಯದು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಪ್ರತಿ ವರ್ಷ ಅದೇ 300 ಮೀಟರಿಗೆ ಮರಳಿ ಬಂದರೆ ಮಾತ್ರ ಈ ಲೆಕ್ಕಕ್ಕೆ ಅರ್ಥ.

ವಿರೋಧ: ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ

ಲೆಕ್ಕದ ಮಾತಿನಿಂದಲೇ ಶುರು ಮಾಡೋಣ. ಅಭಿಯಾನ ಮುಗಿದ ಸಂಜೆ ಪ್ರಕಟವಾಗುವುದು ವಸ್ತುವಾರು ಪಟ್ಟಿಯಲ್ಲ, ‘ಇಷ್ಟು ಟನ್’ ಎಂಬ ತೂಕ. ಆ ತೂಕದಲ್ಲಿ ಎಷ್ಟು ಪಾಲು ನೀರು, ಎಷ್ಟು ಹೂಳು ಎಂದು ಯಾರೂ ಕೇಳುವುದಿಲ್ಲ. ಹೂಳು ಮೆತ್ತಿದ ಬಟ್ಟೆಯ ಒಂದು ಗಂಟು, ನೂರಾರು ಖಾಲಿ ಬಾಟಲಿಗಳಿಗಿಂತ ಭಾರ. ಹೆಚ್ಚು ತೂಕ ತೋರಿಸಬೇಕೆಂದರೆ ಜನ ಹೂಳನ್ನೇ ಕೆದಕುತ್ತಾರೆ.

ನದಿಯ ನಿಜವಾದ ಕಾಯಿಲೆ ಚೀಲಕ್ಕೆ ಸಿಗುವಂಥದ್ದೂ ಅಲ್ಲ. ಒಳಚರಂಡಿಯ ನೀರು ಸಂಸ್ಕರಣೆಯಾಗದೆ ನದಿಗೆ ಬಿದ್ದರೆ ಅದರಲ್ಲಿನ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೂ ತಿಂದುಬಿಡುತ್ತವೆ. ಅದು ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಬಹುತೇಕ ಮೀನುಗಳು ಬದುಕುವುದಿಲ್ಲ. ದಡದ ಬಾಟಲಿ ಪೂರ್ತಿ ತೆಗೆದರೂ ಈ ಅಂಕಿ ಅಲುಗಾಡದು. ಆದರೆ ದಡ ಚೊಕ್ಕವಾಗಿ ಕಂಡಿತೆಂದರೆ ನದಿಯೂ ಸುಧಾರಿಸಿತು ಎಂದು ಊರು ನಂಬಿಬಿಡುತ್ತದೆ, ಕೊಳವೆಯ ಬಾಯಿ ಹಾಗೇ ಸುರಿಯುತ್ತಿರುತ್ತದೆ.

ಇನ್ನು ಕೈಗಳೇ ಮಾಡುವ ಹಾನಿ. ಸ್ವಚ್ಛತೆಯ ಹುರುಪಿನಲ್ಲಿ ಬಿದ್ದ ಮರದ ದಿಮ್ಮಿ, ಬೇರಿನ ಗುಂಪು, ಜೊಂಡು ಎಲ್ಲವೂ ಕಸವಾಗಿ ಕಾಣುತ್ತವೆ. ಮೀನಿನ ಮರಿಗಳು ಅಡಗುವುದು ಆ ದಿಮ್ಮಿಯ ನೆರಳಲ್ಲಿ, ದಡವನ್ನು ಹಿಡಿದಿಡುವುದು ಆ ಬೇರು. ರೀವ ಎಂಬ ನೀರುಹಕ್ಕಿಗಳೂ ಆಮೆಗಳೂ ಮರಳದಿಣ್ಣೆಯ ಮೇಲೆ ಮೊಟ್ಟೆ ಇಡುತ್ತವೆ. ಹಕ್ಕಿಯ ಮೊಟ್ಟೆ ಮರಳಿನದೇ ಬಣ್ಣದ್ದು, ತುಳಿದ ಮೇಲೆ ಗೊತ್ತಾಗುತ್ತದೆ. ಮಿಂಚುಳ್ಳಿಯ ಗೂಡು ದಡದ ಮಣ್ಣಿನ ಗೋಡೆಯೊಳಗಿನ ಬಿಲ. ನೆರೆ ಇಳಿದ ಮೇಲಿನ ‘ಹಂಗಾಮು’ ಕೆಲವು ಕಡೆ ಇವುಗಳ ಮೊಟ್ಟೆಯ ಕಾಲಕ್ಕೇ ತಾಗಬಹುದು. ಅಂತರಗಂಗೆ ಕೀಳುವುದಂತೂ ಇನ್ನೂ ಫಜೀತಿ. ತುಂಡಾದ ಕವಲಿನ ಒಂದು ಚೂರು ನೀರಿಗೆ ಬಿದ್ದರೂ ಅದು ಹೊಸ ಗಿಡ.

ಜ್ವರದ ಮಾತು ಯಾರೂ ಆಡುವುದಿಲ್ಲ. ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ಬರುತ್ತದೆ. ಗಾಯ, ಕಣ್ಣು, ಬಾಯಿಯ ಒಳಪೊರೆ, ಯಾವುದಾದರೂ ದಾರಿ ಸಾಕು. ಲಕ್ಷಣ ಕಾಣಲು 2ರಿಂದ 30 ದಿನ ಬೇಕಾಗಬಹುದು. ಅಷ್ಟರಲ್ಲಿ ಸ್ವಯಂಸೇವಕರು ನದಿಯನ್ನೇ ಮರೆತಿರುತ್ತಾರೆ, ವೈದ್ಯರಿಗೆ ಹೇಳುವುದಿಲ್ಲ. ಮೊದಲೇ ಹಿಡಿದರೆ ಆಂಟಿಬಯಾಟಿಕ್‌ಗೆ ಬಗ್ಗುವ ಕಾಯಿಲೆ ತಡವಾದರೆ ಮೂತ್ರಪಿಂಡಕ್ಕೂ ಯಕೃತ್ತಿಗೂ ಇಳಿಯುತ್ತದೆ. ಹೊರಡುವಾಗ ‘ಒಂದು ತಿಂಗಳೊಳಗೆ ಜ್ವರ ಬಂದರೆ ನದಿಗಿಳಿದಿದ್ದೆ ಎಂದು ಹೇಳಿ’ ಎಂಬ ಚೀಟಿ ಕೊಡಲಾಗದವರು ಶಾಲಾ ಮಕ್ಕಳನ್ನು ಕರೆತರುವುದು ಬೇಡ.

ಕೊನೆಗೆ ಲಾರಿ. ಹೆಕ್ಕಿದ್ದು ರಜೆಯ ದಿನ, ಲಾರಿ ಬರುವುದು ಕೆಲಸದ ದಿನ. ನಡುವಿನ ರಾತ್ರಿ ನಾಯಿಗಳು ಚೀಲ ಹರಿಯುತ್ತವೆ, ಒಂದು ಮಳೆ ಬಂದರೆ ದಡದಲ್ಲಿ ಪೇರಿಸಿದ್ದು ಹೊಳೆಗೆ. ಲಾರಿ ಬಂದರೂ, ಹೂಳು ಮೆತ್ತಿದ ಕಲಬೆರಕೆ ಪ್ಲಾಸ್ಟಿಕ್ಕನ್ನು ಮರುಬಳಕೆಯವರು ಮುಟ್ಟುವುದಿಲ್ಲ. ವಾಹನ ಮತ್ತು ಹಾಕುವ ಜಾಗ ಎರಡೂ ಖಾತರಿಯಾಗದೆ ದಿನಾಂಕ ಗೊತ್ತು ಮಾಡುವುದೇ ತಪ್ಪು.

ಅಷ್ಟೇ ಜನ, ಅಷ್ಟೇ ಗಂಟೆ ಮೋರಿಯ ಬಾಯಿಗೆ ಹೋಗಲಿ. ತಿಂಗಳುಗಟ್ಟಲೆ ಬೀದಿಯಲ್ಲಿ ಬಿದ್ದದ್ದು ಮೊದಲ ಜೋರುಮಳೆಗೆ ಒಟ್ಟಿಗೆ ಬರುತ್ತದೆ, ತಡೆಯಬೇಕಾದ್ದು ಅಲ್ಲಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜೋನ್ಸ್ ಫಾಲ್ಸ್ ಹೊಳೆ ಬಂದರಿಗೆ ಸೇರುವಲ್ಲಿ 2014ರಿಂದ ಹರಿವು ಮತ್ತು ಬಿಸಿಲಿನ ಬಲದಲ್ಲಿ ತಿರುಗುವ ಚಕ್ರವೊಂದು ತೇಲುಕಸ ಎತ್ತುತ್ತಿದೆ. ಅಷ್ಟು ದೊಡ್ಡದು ಎಲ್ಲರಿಗೂ ಬೇಕಿಲ್ಲ. ಸಣ್ಣ ಕಾಲುವೆಗೆ ಒಂದು ತೇಲುತಡೆ ಸಾಕು: ಮೇಲೆ ತೇಲುವ ಕೊಳವೆ, ಕೆಳಗೆ 30 ಸೆಂ.ಮೀ. ಇಳಿಬಿಟ್ಟ ಪರದೆ, ಪರದೆಯ ಅಂಚಿಗೆ ಸರಪಳಿ. ಅದನ್ನು ಹರಿವಿಗೆ ಅಡ್ಡಡ್ಡ ಕಟ್ಟಿದರೆ ನಡುವೆ ಬಿಲ್ಲಿನಂತೆ ಬಾಗಿ, ಒತ್ತಡಕ್ಕೆ ಕಸ ಅಡಿಯಿಂದ ನುಸುಳುತ್ತದೆ. ಓರೆಯಾಗಿ ಕಟ್ಟಿದರೆ ಕಸ ತಾನೇ ಜಾರಿ ಒಂದು ದಡಕ್ಕೆ ಬಂದು ನಿಲ್ಲುತ್ತದೆ. ತುದಿಗಳು ನೀರಿನ ಮಟ್ಟದೊಡನೆ ಏರಿಳಿಯುವಂತೆ ಗೂಟದ ಬಳೆಗೆ ಸಿಕ್ಕಿಸಬೇಕು, ಬಿಗಿದು ಕಟ್ಟಿದರೆ ಏರುನೀರಿನಲ್ಲಿ ತಡೆಯೇ ಮುಳುಗುತ್ತದೆ. ಒಂದು ತುದಿಯ ಹಗ್ಗ ಬೇಕೆಂದೇ ದುರ್ಬಲವಾಗಿರಲಿ, ದೊಡ್ಡ ನೆರೆಗೆ ಅದೇ ಮೊದಲು ಹರಿದು ತಡೆ ದಡಕ್ಕೆ ಒರಗಿಕೊಳ್ಳಲಿ. ತಳದಲ್ಲಿ ಉರುಳುವ ಕಸ ಇದಕ್ಕೆ ಸಿಗುವುದಿಲ್ಲ, ನಿಜ. ಸಿಕ್ಕಿದ್ದನ್ನು ಪ್ರತಿ ಮಳೆಯ ಮರುದಿನವೇ ಎತ್ತದಿದ್ದರೆ ರಾಶಿ ಒಂದರ ಮೇಲೊಂದು ಬೆಳೆದು ಪರದೆಯನ್ನು ತುಳಿದು ದಾಟುತ್ತದೆ. ಮಳೆಗಾಲವಿಡೀ ಆ ಕೆಲಸಕ್ಕೆ ಸರದಿಯಲ್ಲಿ ಇಬ್ಬಿಬ್ಬರು ಬೇಕು, ವರ್ಷಕ್ಕೊಮ್ಮೆ ಇನ್ನೂರು ಜನ ಬೇಡ.