ಅವಳ ಸ್ವಗತ ಅವನಿಗೆ ಕೇಳಿಸಿದ್ದು ಹೇಗೆ?

ದಸರಾ ರಜೆಗೆ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳ ಚೀಲದಲ್ಲಿ ಬಟ್ಟೆಗಿಂತ ಮಾಂಗಾಗಳೇ, ಅಂದರೆ ಜಪಾನೀ ಚಿತ್ರಕಥೆಯ ಪುಸ್ತಕಗಳೇ, ಹೆಚ್ಚಿದ್ದವು. ಅವಳಿಗೀಗ ಹದಿನಾರು. ಅದೇ ವಯಸ್ಸಿನಲ್ಲಿ ನಾನೂ ಇಂಥವೇ ಕಥೆಗಳನ್ನು, ಅಭಿಮಾನಿಗಳು ಮಾಡಿ ಹಂಚುತ್ತಿದ್ದ ಅರೆಬರೆ ಇಂಗ್ಲಿಷ್ ಅನುವಾದದಲ್ಲಿ, ಕಂಪ್ಯೂಟರ್ ಪರದೆಯ ಮುಂದೆ ಕಣ್ಣು ಕೆಂಪಾಗುವವರೆಗೆ ಓದಿದವಳು. ಹಾಗಾಗಿ ‘ಇಂಥದ್ದನ್ನೆಲ್ಲ ಓದಬೇಡ’ ಎಂದು ಹೇಳುವ ಹಕ್ಕು ನನಗಿಲ್ಲ, ಹೇಳುವ ಮನಸ್ಸೂ ಇಲ್ಲ. ಆದರೆ ಅವಳು ಊಟದ ತಟ್ಟೆಯ ಪಕ್ಕ ತೆರೆದಿಟ್ಟಿದ್ದ ಒಂದು ಪುಟದ ಮೇಲೆ ಕಣ್ಣು ಬಿದ್ದಾಗ, ಅಷ್ಟು ವರ್ಷ ಓದಿಯೂ ನನಗೆ ಹೊಳೆಯದೇ ಉಳಿದಿದ್ದ ಸಂಗತಿಯೊಂದು ಹೊಳೆಯಿತು. ಬರಹ ತುಸು ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಪುಟದಲ್ಲಿ ಇದ್ದದ್ದು ಇಷ್ಟು. ಶಾಲೆಯ ಕಾರಿಡಾರು. ಎತ್ತರದ ಹುಡುಗನೊಬ್ಬ ಗೋಡೆಗೆ ಕೈ ಊರಿ ನಿಂತಿದ್ದಾನೆ. ಅವನ ತೋಳಿಗೂ ಗೋಡೆಗೂ ನಡುವೆ ಹುಡುಗಿ. ಅವಳ ಮಾತಿನ ಗುಳ್ಳೆಯಲ್ಲಿ ಒಂದೇ ಪದ: ಬೇಡ. ಆದರೆ ಗುಳ್ಳೆಯ ಹೊರಗೆ, ಚೌಕಟ್ಟಿನಿಂದ ಚೌಕಟ್ಟಿಗೆ ಜಾರಿಕೊಂಡು ಹೋಗುವ ತೆಳುವಾದ ಅಕ್ಷರಗಳಲ್ಲಿ, ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ, ಯಾಕೆ ನನಗೆ ಓಡಿಹೋಗಬೇಕು ಅನಿಸುತ್ತಿಲ್ಲ ಎಂಬ ಅವಳ ಮನಸ್ಸಿನ ಮಾತು ಹರಡಿಕೊಂಡಿದೆ. ಮುಂದಿನ ಚೌಕಟ್ಟಿನಲ್ಲಿ ಅವನು ಮುತ್ತಿಟ್ಟಾಗಿದೆ. ಪುಸ್ತಕದ ಹೆಸರು ಬರೆಯುವುದಿಲ್ಲ. ಪ್ರೇಮದ ಮಾಂಗಾ ಓದಿದವರೆಲ್ಲರೂ ಈ ಪುಟವನ್ನು ಒಂದಲ್ಲ ಒಂದು ಪುಸ್ತಕದಲ್ಲಿ ಕಂಡೇ ಇರುತ್ತೀರಿ.

ಆ ಸ್ವಗತ ನನಗೆ ಕೇಳಿಸಿತು, ಅಕ್ಕನ ಮಗಳಿಗೂ ಕೇಳಿಸಿತು. ಆದರೆ ಆ ಹುಡುಗನಿಗೆ? ಅವನ ಕಿವಿಗೆ ಬಿದ್ದದ್ದು ‘ಬೇಡ’ ಒಂದೇ. ಅವಳ ಒಪ್ಪಿಗೆ ಓದುಗರಾದ ನಮ್ಮ ಕೈಗೆ ಬಂದಿದೆ, ಅವನ ಕೈಗೆ ಬಂದಿಲ್ಲ. ಆದರೂ ನಾವು ಅವನ ಪರವಾಗಿ ಅದನ್ನು ಸಹಿ ಹಾಕಿ ಸ್ವೀಕರಿಸಿ, ಪುಟ ತಿರುಗಿಸುತ್ತೇವೆ.

ಈ ಸ್ವಗತದ ಕಸುಬು ಸುಮ್ಮನೆ ಬಂದದ್ದಲ್ಲ. ಹುಡುಗಿಯರಿಗಾಗಿ ಪ್ರಕಟವಾಗುವ ಶೋಜೊ ಮಾಂಗಾವನ್ನು 1970ರ ದಶಕದಲ್ಲಿ ಹಗಿಯೊ ಮೊತೊ, ತಕೆಮಿಯಾ ಕೇಕೊ, ಓಶಿಮಾ ಯುಮಿಕೊ ಮೊದಲಾದ ಲೇಖಕಿಯರು ಹೊಸದಾಗಿ ಕಟ್ಟಿದರು. ಇವರಲ್ಲಿ ಹೆಚ್ಚಿನವರು 1949ರ, ಅಂದರೆ ಜಪಾನೀ ಲೆಕ್ಕದಲ್ಲಿ ಶೋವಾ 24ರ ಆಸುಪಾಸಿನಲ್ಲಿ ಹುಟ್ಟಿದವರಾದ್ದರಿಂದ ‘24ರ ಗುಂಪು’ ಎಂದೇ ಹೆಸರಾದರು. ಮಾತಿನ ಗುಳ್ಳೆಯ ಬೇಲಿ ದಾಟಿ, ಚೌಕಟ್ಟುಗಳನ್ನು ಒಡೆದು, ಒಬ್ಬ ಹುಡುಗಿಯ ಒಳಗಿನ ಮಾತನ್ನು ಇಡೀ ಪುಟದ ಮೇಲೆ ಹರಿಯಬಿಡುವ ರೀತಿ ಇವರ ಕೈಯಲ್ಲಿ ಬೆಳೆಯಿತು. ಹೊರಗೆ ಬಾಯಿ ಬಿಡಲಾಗದ ಹುಡುಗಿಗೆ ಒಳಗೊಂದು ಬಾಯಿ ಕೊಟ್ಟವರು ಇವರು. ನನ್ನ ತಕರಾರು ಆ ಕಲೆಯ ಮೇಲಲ್ಲ. ಆ ಬಾಯಿ ಆಡುವ ಮಾತನ್ನು ಕಥೆಯ ಗಂಡಿಗೆ ಪುಕ್ಕಟೆಯಾಗಿ ಸಿಕ್ಕ ಪರವಾನಗಿಯಂತೆ ಬಳಸುವ ಚಾಳಿಯ ಮೇಲೆ.

ಕಮಿಯೊ ಯೋಕೊ ಅವರ ‘ಹಾನಾ ಯೋರಿ ದಾಂಗೊ’ವನ್ನೇ ತೆಗೆದುಕೊಳ್ಳಿ. 1992ರಲ್ಲಿ ‘ಮಾರ್ಗರೇಟ್’ ಪತ್ರಿಕೆಯಲ್ಲಿ ಆರಂಭವಾಗಿ ಹತ್ತು ವರ್ಷಕ್ಕೂ ಮೀರಿ ನಡೆದ, ಮುಂದೆ 2001ರಲ್ಲಿ ತೈವಾನಿನಲ್ಲಿ, 2005ರಲ್ಲಿ ಜಪಾನಿನಲ್ಲೇ, 2009ರಲ್ಲಿ ಕೊರಿಯಾದಲ್ಲಿ ಟಿವಿ ಧಾರಾವಾಹಿಯಾದ ಕಥೆ ಅದು. ಶ್ರೀಮಂತರ ಶಾಲೆಗೆ ಸೇರಿದ ಬಡ ಮನೆಯ ಹುಡುಗಿ ತ್ಸುಕುಶಿ. ಶಾಲೆಯನ್ನೇ ಆಳುವ ನಾಲ್ವರ ಮುಂದಾಳು ದೋಮ್ಯೋಜಿ. ಅವನು ಯಾರ ಲಾಕರಿನಲ್ಲಿ ಕೆಂಪು ಚೀಟಿ ಇಡುತ್ತಾನೋ ಅವರನ್ನು ಇಡೀ ಶಾಲೆ ಬೇಟೆಯಾಡುತ್ತದೆ. ಆ ಚೀಟಿ ಪಡೆದೂ ತಿರುಗಿಬಿದ್ದವಳು ತ್ಸುಕುಶಿ. ಅವಳಂಥ ಗಟ್ಟಿಗಿತ್ತಿ ನಾಯಕಿಯರು ಕಡಿಮೆ. ಆದರೆ ಕಥೆಯ ಮೊದಲ ಭಾಗದಲ್ಲಿ ದೋಮ್ಯೋಜಿ ಅವಳನ್ನು ಒಂಟಿಯಾಗಿ ಹಿಡಿದು ಬಲವಂತಕ್ಕಿಳಿಯುವ ದೃಶ್ಯವಿದೆ. ಅವಳು ಅಳುತ್ತಾಳೆ, ಅಳು ಕಂಡು ಅವನು ಕೈಬಿಡುತ್ತಾನೆ. ಹದಿನಾರರ ನನಗೆ ಅವನು ನಿಲ್ಲಿಸಿದ್ದೇ ಅವನ ಒಳ್ಳೆಯತನವಾಗಿ ಕಂಡಿತ್ತು. ಈಗ ಕಾಣುವುದು ಬೇರೆ: ಅವಳ ಮಾತಿಗೆ ಅವನು ನಿಲ್ಲಲಿಲ್ಲ, ಅವಳ ಒದ್ದಾಟಕ್ಕೂ ನಿಲ್ಲಲಿಲ್ಲ, ಕಣ್ಣೀರೆಂಬ ಸಾಕ್ಷಿ ಹಾಜರಾದ ಮೇಲೆ ಮಾತ್ರ ನಿಲ್ಲಿಸಿದ.

ಸಾಕ್ಷಿ ಎಂಬ ಪದವನ್ನು ಸುಮ್ಮನೆ ಬಳಸಲಿಲ್ಲ. ಜಪಾನಿನ ದಂಡಸಂಹಿತೆ 1907ರದ್ದು. ಅತ್ಯಾಚಾರವೆಂದು ಸಾಬೀತಾಗಲು ಹಲ್ಲೆಯೋ ಬೆದರಿಕೆಯೋ ನಡೆದಿರಬೇಕಿತ್ತು, ಅದೂ ಎದುರಿಸುವುದು ತೀರಾ ಕಷ್ಟ ಎನ್ನುವಷ್ಟು ಮಟ್ಟದ್ದಾಗಿರಬೇಕಿತ್ತು. ಅಂದರೆ ಅವಳಿಗೆ ಮನಸ್ಸಿತ್ತೇ ಎಂಬುದಕ್ಕಿಂತ, ಅವಳು ಎಷ್ಟರಮಟ್ಟಿಗೆ ಒದ್ದಾಡಿದಳು ಎಂಬುದೇ ಮುಖ್ಯ ಪ್ರಶ್ನೆಯಾಗುತ್ತಿತ್ತು. ಸುಮಾರು ನೂರಹತ್ತು ವರ್ಷದ ಮೇಲೆ, 2017ರಲ್ಲಿ, ಆ ಕಾನೂನನ್ನು ತಿದ್ದಿ ಕನಿಷ್ಠ ಶಿಕ್ಷೆಯನ್ನು 3 ವರ್ಷದಿಂದ 5ಕ್ಕೆ ಏರಿಸಿದರಾದರೂ ಹಲ್ಲೆ-ಬೆದರಿಕೆಯ ಷರತ್ತು ಹಾಗೇ ಉಳಿಯಿತು. 2019ರ ಮಾರ್ಚಿನಲ್ಲಿ ಒಂದರ ಹಿಂದೊಂದರಂತೆ ಖುಲಾಸೆಯ ತೀರ್ಪುಗಳು ಬಂದಾಗ, ಏಪ್ರಿಲ್ 11ರಂದು ಟೋಕಿಯೊದಲ್ಲಿ ಹೆಂಗಸರು ಕೈಯಲ್ಲಿ ಹೂ ಹಿಡಿದು ಬೀದಿಗೆ ಬಂದರು. ‘ಫ್ಲವರ್ ಡೆಮೊ’ ಎಂಬ ಆ ಪ್ರತಿಭಟನೆ ಆಮೇಲೆ ಪ್ರತಿ ತಿಂಗಳ 11ರಂದು ಊರೂರಿಗೆ ಹಬ್ಬಿತು. 2023ರ ಜುಲೈ 13ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಅಪರಾಧದ ಹೆಸರಿನೊಳಕ್ಕೇ ‘ಅಸಮ್ಮತಿ’ ಎಂಬ ಪದ ಸೇರಿತು. ಸಮ್ಮತಿಯ ವಯಸ್ಸು 13ರಿಂದ 16ಕ್ಕೆ ಏರಿತು. ಒಪ್ಪಿಗೆ ಇಲ್ಲದಿರುವ ಎಂಟು ಬಗೆಯ ಸಂದರ್ಭಗಳು ಪಟ್ಟಿಯಾದವು. ಬೇಡ ಎನ್ನಲು ಸಮಯವನ್ನೇ ಕೊಡದಿರುವುದು, ಭಯ ಅಥವಾ ಆಘಾತದಿಂದ ಮರಗಟ್ಟಿ ನಿಲ್ಲುವಂತಾಗುವುದು, ಸ್ಥಾನಮಾನದ ಬಲದಿಂದ ಮುಂದೇನು ಕೆಡುಕಾದೀತೋ ಎಂಬ ಅಂಜಿಕೆ ಹುಟ್ಟಿಸುವುದು ಇವೆಲ್ಲ ಅದರಲ್ಲಿವೆ.

ಆ ಪಟ್ಟಿ ಓದುವಾಗ ನನ್ನ ಕಣ್ಣೆದುರು ಬಂದದ್ದು ಮಾಂಗಾದ ಪುಟಗಳೇ. ಕೆಂಪು ಚೀಟಿ ಎಂದರೆ ಸ್ಥಾನಬಲವಲ್ಲದೆ ಮತ್ತೇನು? ಹಠಾತ್ತಾಗಿ ಇಟ್ಟ ಮುತ್ತು ಎಂದರೆ ಬೇಡ ಎನ್ನಲು ಸಮಯ ಸಿಗದ ಸಂದರ್ಭವೇ. ಕಣ್ಣು ಅಗಲಿಸಿ, ಬಾಯಿ ಕಟ್ಟಿ, ಹಿನ್ನೆಲೆಯೆಲ್ಲ ಬೆಳ್ಳಗಾಗಿ ನಿಂತ ಹುಡುಗಿಯ ಆ ಪ್ರಸಿದ್ಧ ಚೌಕಟ್ಟನ್ನು ನಾವು ಇಷ್ಟು ದಿನ ಪ್ರೇಮದ ಮಿಂಚು ಎಂದು ಓದಿಕೊಂಡು ಬಂದಿದ್ದೇವೆ.

ಗೋಡೆಗೆ ಕೈ ಬಡಿದು ಹುಡುಗಿಯನ್ನು ತಡೆದು ನಿಲ್ಲಿಸುವುದಕ್ಕೆ ಜಪಾನೀಯರಲ್ಲಿ ‘ಕಬೆದೊನ್’ ಎಂಬ ಹೆಸರೇ ಇದೆ: ಕಬೆ ಎಂದರೆ ಗೋಡೆ, ದೊನ್ ಎಂದರೆ ಆ ಬಡಿತದ ಸದ್ದು. ಮೊದಮೊದಲು ಈ ಪದಕ್ಕೆ, ಗದ್ದಲ ಮಾಡುವ ಪಕ್ಕದ ಮನೆಯವರಿಗೆ ಸಿಟ್ಟಿನಿಂದ ಗೋಡೆ ಗುದ್ದುವುದು ಎಂಬ ಅರ್ಥವೂ ಇತ್ತು. 2014ರಲ್ಲಿ ‘ಎಲ್‌-ಡಿಕೆ’ ಎಂಬ ಮಾಂಗಾ ಸಿನಿಮಾ ಆದ ಮೇಲೆ ಪ್ರೇಮದ ಅರ್ಥವೇ ಮೇಲಾಗಿ, ಆ ವರ್ಷದ ಜನಪ್ರಿಯ ಪದಗಳ ಹತ್ತರ ಪಟ್ಟಿಯಲ್ಲಿ ಅದು ಸ್ಥಾನ ಪಡೆಯಿತು. ಸಿಟ್ಟಿನ ಸದ್ದೇ ಪ್ರೀತಿಯ ಸದ್ದೂ ಆಗಿದ್ದು ಹೇಗೆ ಎಂದು ಭಾಷಾಶಾಸ್ತ್ರಜ್ಞರು ಯಾರಾದರೂ ಬರೆದರೆ ಸಾಲಿನಲ್ಲಿ ನಿಂತು ಓದುತ್ತೇನೆ. ‘ಬೇಡ ಬೇಡ ಅನ್ನುವುದೂ ಇಷ್ಟದ ಒಂದು ಬಗೆ’ ಎಂಬರ್ಥದ ಗಾದೆಯೂ ಆ ನಾಡಿನಲ್ಲಿದೆ. ನಾವು ಮೂಗು ಮುರಿಯಬೇಕಾಗಿಲ್ಲ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಹೆಣ್ಣು ನೋಡುವ ಶಾಸ್ತ್ರದಲ್ಲಿ ನಗುನಗುತ್ತಾ ಹೇಳುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದಾಗ ಅವಳು ಪುಸ್ತಕದಿಂದ ತಲೆ ಎತ್ತದೆ ಹೇಳಿದ್ದು: “ಅವನು ‘ಮುಟ್ಟಲಾ?’ ಅಂತ ಕೇಳ್ಕೊಂಡು ನಿಂತರೆ ಕಥೆ ಬೋರಾಗುತ್ತೆ ಚಿಕ್ಕಮ್ಮ.”

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಯಾಕೆಂದರೆ ಈ ಕಥೆಗಳನ್ನು ಬರೆಯುವವರಲ್ಲಿ ಬಹುಪಾಲು ಹೆಂಗಸರು, ಓದುವವರು ಹುಡುಗಿಯರು. ಗಂಡಸರು ಹೊರಗಿನಿಂದ ಹೇರಿದ್ದು ಎಂದು ಬೈದು ಕೈತೊಳೆದುಕೊಳ್ಳುವ ಹಾಗಿಲ್ಲ. ನನಗೆ ತೋರುವುದು ಇಷ್ಟು: ಬೇಕು ಎಂದು ಬಾಯಿಬಿಟ್ಟು ಹೇಳಿದ ಹುಡುಗಿಗೆ ಕೆಟ್ಟ ಹೆಸರು ಬರುವ ಕಡೆ, ಬಲವಂತ ಮಾಡುವ ನಾಯಕ ಅವಳಿಗೆ ಒಂದು ರೀತಿಯ ಅನುಕೂಲ ಒದಗಿಸುತ್ತಾನೆ. ಬಯಕೆಯ ಹೊಣೆ ಅವನ ತಲೆಗೆ, ಬಯಕೆಯ ಸುಖ ಅವಳ ಪಾಲಿಗೆ. ‘ನಾನು ಕೇಳಲಿಲ್ಲ, ಅವನೇ ಬಂದ’ ಎಂದು ಹೇಳಿಕೊಳ್ಳಬಹುದು. ಕಲ್ಪನೆಯಲ್ಲಿ ಇದಕ್ಕೆ ಅಪಾಯವಿಲ್ಲ, ಪುಸ್ತಕ ಮುಚ್ಚಿದರೆ ಹುಡುಗ ಮಾಯ. ಆ ನಾಯಕನನ್ನು ಹೆಣೆದವಳೂ, ಅವನು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಿದವಳೂ ಹೆಣ್ಣೇ ಎಂಬ ಭದ್ರತೆ ಬೇರೆ. ಹಾಗಾಗಿ ಕಲ್ಪನೆಯನ್ನು ನಾನು ಪ್ರಶ್ನಿಸುವುದಿಲ್ಲ. ಕಥೆ ಅದನ್ನು ಕಲ್ಪನೆ ಎಂದು ಒಪ್ಪಿಕೊಳ್ಳುತ್ತದೆಯೋ, ಇಲ್ಲ ಪ್ರೀತಿ ಇರುವುದೇ ಹೀಗೆ ಎಂದು ನಂಬಿಸುತ್ತದೆಯೋ ಎಂಬುದಷ್ಟೇ ನನ್ನ ಪ್ರಶ್ನೆ. ಹತ್ತಾ ಅಯುಕೊ ಅವರ ‘ಓಕಾಮಿ ಶೋಜೊ ತೊ ಕುರೊ ಓಜಿ’ಯಲ್ಲಿ (2011ರಿಂದ 2016ರವರೆಗೆ ನಡೆದ ಕಥೆ), ಗೆಳತಿಯರ ಮುಂದೆ ಬಾಯ್‌ಫ್ರೆಂಡ್ ಇದ್ದಾನೆಂದು ಸುಳ್ಳು ಹೇಳಿದ ಎರಿಕಾಳಿಗೆ, ಆ ಪಾತ್ರ ವಹಿಸಲು ಕ್ಯೋಯಾ ಹಾಕುವ ಷರತ್ತು ‘ನೀನು ನನ್ನ ನಾಯಿಯಾಗಿರಬೇಕು’ ಎಂಬುದು. ಮೊದಲು ಅದು ತಮಾಷೆ. ಹತ್ತಾರು ಸಂಪುಟಗಳಾದ ಮೇಲೂ ಅವನ ಚುಚ್ಚುಮಾತಿನ ಹಿಂದೆ ಮೃದು ಮನಸ್ಸಿದೆ ಎಂದು ಹುಡುಕಿ ತೆಗೆಯುವ ಕೆಲಸ ಎರಿಕಾಳದ್ದೇ ಆಗಿ ಉಳಿಯುತ್ತದೆ. ಅವನ ಮನಸ್ಸನ್ನು ಅವಳೇ ಊಹಿಸಬೇಕು, ಅವನ ಪರವಾಗಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳಬೇಕು. ಅಂಥ ಸಂಸಾರಗಳನ್ನು ಕಣ್ಣಾರೆ ಕಂಡವರಿಗೆ ಅದರಲ್ಲಿ ನಗು ಬರುವುದು ಕಷ್ಟ.

ಇನ್ನು ಬೋರಿನ ವಿಷಯ. ಕೇಳುವುದರಿಂದ ರಸಭಂಗವಾಗುತ್ತದೆ ಎಂಬುದು ಕಸುಬು ಸಾಲದ ಕಥೆಗಾರರ ನೆಪ ಎಂದು ನಾನು ವಾದಿಸಿದೆ, ಮತ್ತು ಶೀನಾ ಕರುಹೊ ಅವರ ‘ಕಿಮಿ ನಿ ತೊದೊಕೆ’ಯನ್ನು ಮುಂದಿಟ್ಟೆ. 30 ಸಂಪುಟಗಳ ಕಥೆ. ಕಜೆಹಾಯ ಮತ್ತು ಸವಾಕೊ ಒಬ್ಬರನ್ನೊಬ್ಬರು ಇಷ್ಟಪಡುತ್ತಾರೆಂದು ಇಬ್ಬರಿಗೂ ಗೊತ್ತಾಗಿ, ಜೋಡಿಯಾಗಿ ಓಡಾಡತೊಡಗಿದ ಮೇಲೆ ಶೀನಾ ಒಂದು ಜಾಣತನ ಮಾಡುತ್ತಾರೆ. ಮುಟ್ಟಲು ಹೋದ ಕಜೆಹಾಯ ಸವಾಕೊ ಬೆಚ್ಚಿದ್ದನ್ನು ಕಂಡು ಹಿಂದೆ ಸರಿಯುತ್ತಾನೆ, ತಪ್ಪು ಮಾಡಿದೆನೇನೋ ಎಂದು ದೂರವೇ ಉಳಿಯುತ್ತಾನೆ. ತನ್ನಲ್ಲೇ ಏನೋ ಕೊರತೆಯಿರಬೇಕೆಂದು ಸವಾಕೊ ಕೊರಗುತ್ತಾಳೆ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಆದರೂ ಉಸಿರು ಕಟ್ಟುತ್ತದೆ. ಶಾಲೆಯ ಪ್ರವಾಸಕ್ಕೆ ಒಕಿನಾವಾಕ್ಕೆ ಹೋದಾಗ ಇಬ್ಬರೂ ಬಾಯಿಬಿಟ್ಟು ಮಾತಾಡುವವರೆಗೆ ಆ ಗಂಟು ಬಿಚ್ಚುವುದಿಲ್ಲ. ಇಲ್ಲಿಯೂ ಸ್ವಗತವಿದೆ, ಪುಟದ ತುಂಬ ಇದೆ. ಆದರೆ ಅದು ಎದುರಿನವನಿಗೆ ಕೇಳಿಸುತ್ತಿಲ್ಲ ಎಂಬುದೇ ಕಥೆಯ ಸಂಕಟ. ಒಳಗಿನ ಮಾತು ಹೊರಗೆ ಬರಬೇಕು, ‘ತಲುಪಬೇಕು’. ಆ ಶೀರ್ಷಿಕೆಯ ಅರ್ಥವೂ ಹೆಚ್ಚುಕಡಿಮೆ ಅದೇ: ನಿನ್ನನ್ನು ತಲುಪಲಿ.

ಒಳ್ಳೆಯ ಕೃತಿ, ಕೆಟ್ಟ ಕೃತಿ ಎಂದು ಎರಡು ಕಪಾಟು ಮಾಡಿ ಜೋಡಿಸಿಡುವುದಂತೂ ಸಾಧ್ಯವಿಲ್ಲ. ತಕಾಯಾ ನತ್ಸುಕಿ ಅವರ ‘ಫ್ರೂಟ್ಸ್ ಬಾಸ್ಕೆಟ್’ (1998–2006) ಒಂದು ಮನೆತನದ ಒಳಗಿನ ಹಿಂಸೆಯನ್ನು ಕುರಿತು ನಾನು ಓದಿದ ಕಥೆಗಳಲ್ಲೇ ಸೂಕ್ಷ್ಮವಾದದ್ದು. ಸೋಮಾ ಕುಟುಂಬದ ಯಜಮಾನಿಕೆ ಹಿಡಿದ ಅಕಿತೊ, ‘ನಮ್ಮದು ಬಿಡಿಸಲಾಗದ ಬಂಧ’ ಎಂಬ ಮಾತನ್ನೇ ಸಂಕೋಲೆ ಮಾಡಿಕೊಂಡು ಎಲ್ಲರನ್ನೂ ನೋಯಿಸುತ್ತಾಳೆ. ಆ ಮನೆತನಕ್ಕೆ ತಗುಲಿದ್ದ ಶಾಪ ಕಳಚಿದ ಮೇಲೆ ಅವಳು ಪಶ್ಚಾತ್ತಾಪ ಪಟ್ಟರೂ, ಅವಳ ಕೈಯಲ್ಲಿ ಘೋರವಾಗಿ ನೊಂದ, ಅದೇ ಕುಟುಂಬದ ಹುಡುಗಿ ರಿನ್ ಕ್ಷಮಿಸಲು ಒಪ್ಪುವುದಿಲ್ಲ, ಕಥೆಯೂ ಅವಳನ್ನು ಬಲವಂತಪಡಿಸುವುದಿಲ್ಲ. ಕ್ಷಮಿಸದಿರುವ ಹಕ್ಕನ್ನು ಅಷ್ಟು ಸಲೀಸಾಗಿ ಒಬ್ಬ ಹುಡುಗಿಯ ಕೈಗಿಟ್ಟ ಕಥೆ ಇದು. ಆದರೆ ಅದೇ ಲೇಖಕಿ, ನಾಯಕಿಯ ತಾಯಿ ಕ್ಯೋಕೊ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಲ್ಲಿಗೆ ತರಬೇತಿ ಶಿಕ್ಷಕನಾಗಿ ಬಂದ ಕತ್ಸುಯಾ ಅವಳನ್ನೇ ಮದುವೆಯಾಗುವುದನ್ನು ಮೆಲುದನಿಯ, ಕಣ್ಣು ತೇವವಾಗಿಸುವ ಪ್ರೇಮಕಥೆಯಾಗಿ ಹೇಳುತ್ತಾರೆ. ಒಂದು ಕೋಣೆಯಲ್ಲಿ ದೀಪ ಹಚ್ಚಿದವರು ಪಕ್ಕದ ಕೋಣೆಯ ಕತ್ತಲನ್ನು ಗಮನಿಸಲೇ ಇಲ್ಲ. ಆ ಭಾಗವನ್ನು ನಾನು ಎರಡು ಸಲ ಓದಿ ಎರಡು ಸಲವೂ ಅತ್ತಿದ್ದೇನೆ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಪ್ರಾಮಾಣಿಕತೆ.

ಅಂದು ರಾತ್ರಿ ಪಾತ್ರೆ ತೊಳೆದಾದ ಮೇಲೆ, ಹಳದಿ ಅಂಟುಚೀಟಿಗಳನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ಆ ಗೋಡೆಯ ಪುಟದಲ್ಲಿದ್ದ ಸ್ವಗತದ ಸಾಲುಗಳ ಮೇಲೆಲ್ಲ ಒಂದೊಂದಾಗಿ ಅಂಟಿಸಿ ಅವಳ ಮುಂದಿಟ್ಟೆ. ಈಗ ಓದು, ಅವನಿಗೆ ಕಂಡಷ್ಟನ್ನು ಮಾತ್ರ ಓದು ಅಂದೆ. ಪುಟದಲ್ಲಿ ಉಳಿದದ್ದು ಗೋಡೆ, ತೋಳು, ‘ಬೇಡ’ ಎಂಬ ಒಂದು ಪದ, ಆಮೇಲೆ ಮುತ್ತು. ಅವಳು ಅದನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಹಾರರ್ ಥರ ಇದೆ,” ಅಂದಳು.

ನಾನು ವಾದ ಗೆದ್ದ ಸಂತೋಷದಲ್ಲಿ ಹಾಲಿಗೆ ಹೆಪ್ಪು ಹಾಕಲು ಎದ್ದೆ. ತಿರುಗಿ ಬರುವಷ್ಟರಲ್ಲಿ ಅವಳು ಕಾಗದ ಹರಿಯದಂತೆ ಉಗುರಿನ ತುದಿಯಿಂದ ಚೀಟಿಗಳನ್ನು ಎಬ್ಬಿಸಿ ತೆಗೆಯುತ್ತಿದ್ದಳು. “ಆದರೆ ಚಿಕ್ಕಮ್ಮ, ಈ ಇಡೀ ಪುಟದಲ್ಲಿ ಅವಳು ನಿಜ ಹೇಳ್ತಿರೋದು ಇಲ್ಲಿ ಮಾತ್ರ. ನೀವು ಅದನ್ನೇ ಮುಚ್ಚಿಬಿಟ್ರಲ್ಲ,” ಅಂದಳು, ಮತ್ತು ತೆಗೆದ ಚೀಟಿಗಳಲ್ಲಿ ಒಂದನ್ನು ಆ ಹುಡುಗನ ತೋಳಿನ ಮೇಲೆ ಅಂಟಿಸಿ ಪುಸ್ತಕ ಮುಚ್ಚಿದಳು.