ಹಳೇ ಪಾಥ್‌ಫೈಂಡರ್ ಕೊಳ್ಳುವ ಮುಂಚೆ ರೇಡಿಯೇಟರ್ ವಿಚಾರಿಸಿ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರು ಕಡಿಮೆ ದುಡ್ಡಿಗೆ ದೊಡ್ಡ ಗಾಡಿ ಸಿಗುತ್ತದೆ ಅಂತ ಹಳೇ ಎಸ್‌ಯುವಿ ಹುಡುಕುತ್ತಾರೆ. ತಪ್ಪೇನಿಲ್ಲ. ಆದರೆ ಅದು 2005ರಿಂದ 2010ರ ನಡುವಿನ ಆಟೋಮ್ಯಾಟಿಕ್ ನಿಸ್ಸಾನ್ ಪಾಥ್‌ಫೈಂಡರ್, ಎಕ್ಸ್‌ಟೆರಾ ಅಥವಾ ಫ್ರಾಂಟಿಯರ್ ಆಗಿದ್ದರೆ, ರೇಡಿಯೇಟರ್ ಬದಲಾಯಿಸಿದ್ದಾರಾ ಅಂತ ಕೇಳದೆ ಮುಂಗಡ ಕೊಡಬೇಡಿ.

ಗೇರ್‌ಬಾಕ್ಸ್ ಆಯಿಲ್ ತಣ್ಣಗಾಗಲಿ ಅಂತ ಈ ಗಾಡಿಗಳಲ್ಲಿ ರೇಡಿಯೇಟರ್ ಒಳಗೇ ಒಂದು ಸಣ್ಣ ಕೂಲರ್ ಇದೆ. ಒಳಗೆ ಆಯಿಲ್, ಸುತ್ತ ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ. ಆ ಕೂಲರ್ ಬಿರುಕು ಬಿಟ್ಟರೆ ಎರಡೂ ಬೆರೆತುಹೋಗುತ್ತವೆ. ಇಂಜಿನ್ ಆಫ್ ಮಾಡಿದಾಗ ಆಯಿಲ್ ಪಂಪ್ ನಿಲ್ಲುತ್ತದೆ, ಬಿಸಿ ಕೂಲೆಂಟಿನ ಒತ್ತಡ ಮಾತ್ರ ಹಾಗೇ ಇರುತ್ತದೆ. ಆಗ ಕೂಲೆಂಟ್ ಗೇರ್‌ಬಾಕ್ಸ್‌ಗೆ ನುಗ್ಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ! ಒಳಗಿನ ಕ್ಲಚ್ ಪ್ಲೇಟುಗಳ ಲೈನಿಂಗ್ ಒಂದು ಬಗೆಯ ಕಾಗದ, ಅಂಟಿನಿಂದ ಕೂರಿಸಿರುವುದು. ಕೂಲೆಂಟಿನಲ್ಲಿರುವ ನೀರು, ಗ್ಲೈಕಾಲ್ ತಾಗಿದರೆ ಅಂಟು ಬಿಟ್ಟುಕೊಳ್ಳುತ್ತದೆ. ಗೇರ್‌ಬಾಕ್ಸಿನ ಕಂಪ್ಯೂಟರ್ ಕೂಡ ಅದರೊಳಗೇ ಇರುವುದರಿಂದ ಅದೂ ಕೈಕೊಡಬಹುದು.

ಕಂಪನಿ ಮೊದಲು ರೇಡಿಯೇಟರ್ ವಾರಂಟಿಯನ್ನು 8 ವರ್ಷ ಅಥವಾ 80,000 ಮೈಲಿಗೆ ಏರಿಸಿತು. ಮಾಲೀಕರು ಹೂಡಿದ ಮೊಕದ್ದಮೆಯ ನಂತರ ಅದು 10 ವರ್ಷ ಅಥವಾ 1,00,000 ಮೈಲಿ ಆಯಿತು. ಆದರೆ ಕೊನೆಯ ಎರಡು ವರ್ಷ ಪುಕ್ಕಟೆ ಅಲ್ಲ. ಒಂಬತ್ತನೇ ವರ್ಷ 2,500 ಡಾಲರ್‌ವರೆಗೆ, ಹತ್ತನೇ ವರ್ಷ 3,000 ಡಾಲರ್‌ವರೆಗೆ ಮಾಲೀಕನೇ ಕಟ್ಟಬೇಕಿತ್ತು. ಇದು ನ್ಯಾಯ ಅಂತ ನನಗೆ ಅನ್ನಿಸುವುದೇ ಇಲ್ಲ. ಕೂಲರ್ ಬಿರುಕು ಬಿಟ್ಟಿದ್ದರಲ್ಲಿ ಮಾಲೀಕನ ತಪ್ಪೇನಿದೆ? ಅದಕ್ಕಿಂತ ಬೇಜಾರಿನ ಸಂಗತಿ, ಹತ್ತು ವರ್ಷ ದಾಟಿದ ಗಾಡಿ ಕೈಗೆ ಬರುವುದು ಯಾರಿಗೆ? ವಿದ್ಯಾರ್ಥಿಗಳಿಗೆ, ಈಗಷ್ಟೇ ಸಂಸಾರ ಹೂಡಿದವರಿಗೆ. ಗೇರ್‌ಬಾಕ್ಸ್ ಹೋದರೆ ಗಾಡಿಯ ಬೆಲೆಗಿಂತ ರಿಪೇರಿಯೇ ಜಾಸ್ತಿಯಾಗಬಹುದು, ಕೇಳಲು ವಾರಂಟಿಯೂ ಇಲ್ಲ.

ನೋಡಲು ಹೋದಾಗ ಗೇರ್‌ಬಾಕ್ಸ್ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ತೆಗೆಸಿ. ಅದನ್ನು ಬೋಲ್ಟ್ ಹಾಕಿ ಬಿಗಿದಿರುವುದರಿಂದ ಬಹಳ ಜನ ಮುಟ್ಟುವುದೇ ಇಲ್ಲ. ಬಿಳಿ ಟಿಶ್ಯೂ ಮೇಲೆ ಒರೆಸಿ ನೋಡಿ. ಆಯಿಲ್ ತಿಳಿಯಾಗಿರಬೇಕು. ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಸೇರಿದೆ ಅಂತಲೇ ಲೆಕ್ಕ. ಒಂದೇ ವೇಗದಲ್ಲಿ ಹೋಗುವಾಗ ಗಡಗಡ ನಡುಗಿದರೂ ಅನುಮಾನ ಪಡಿ.

ಆಯಿಲ್ ಚೆನ್ನಾಗಿದ್ದು ಗಾಡಿ ತೆಗೆದುಕೊಂಡರೆ ಮೊದಲ ಕೆಲಸ ಹೊಸ ರೇಡಿಯೇಟರ್. ಟೆಕ್ಸಾಸ್‌ನಂಥ ಸೆಕೆ ಊರಿನಲ್ಲಿ ಆಯಿಲ್‌ಗೆ ಹೊರಗಡೆ ಬೇರೆ ಕೂಲರ್ ಹಾಕಿಸಿ, ರೇಡಿಯೇಟರ್ ಸಹವಾಸವನ್ನೇ ತಪ್ಪಿಸಬಹುದು. ಮಿನ್ನೆಸೋಟದ ಚಳಿಗೆ ಅದು ಬೇಡ, ಅಲ್ಲಿ ಆಯಿಲ್ ಬೆಚ್ಚಗಾಗಲೂ ರೇಡಿಯೇಟರ್ ಬೇಕು. ಆಯಿಲ್ ಆಗಲೇ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, 'ಫ್ಲಶ್ ಮಾಡಿಸಿ ಹೊಸ ಆಯಿಲ್ ಹಾಕಿದ್ರೆ ಸರಿಹೋಗುತ್ತೆ' ಅನ್ನುವ ಮಾತು ನಂಬಬೇಡಿ. ಎಷ್ಟೇ ಕಡಿಮೆಗೆ ಕೊಡುತ್ತೇನೆಂದರೂ ಆ ಗಾಡಿ ಬೇಡ.